ಪಾರ್ಶ್ವವಾಯು ಪೀಡಿತರ ಕೈಚಲನೆ: ದೂರದಿಂದ ಅಳೆಯುವುದು ಹೇಗೆ?

ಪಾರ್ಶ್ವವಾಯುವಿನಿಂದ ಬದುಕುಳಿದವರಲ್ಲಿ ಬಹಳಷ್ಟು ಮಂದಿ ಕೆಲವು ವಾರಗಳಲ್ಲಿ ಎದ್ದು ನಡೆಯತೊಡಗುತ್ತಾರೆ. ಆದರೆ ಕೈ ಹಿಂದೆ ಉಳಿಯುತ್ತದೆ. ಆಡುಮಾತಿನಲ್ಲಿ ಲಕ್ವ ಎಂದು ಕರೆಯಲಾಗುವ ಈ ಕಾಯಿಲೆ ಮೆದುಳಿನ ರಕ್ತನಾಳ ಮುಚ್ಚಿಕೊಳ್ಳುವುದರಿಂದ ಅಥವಾ ಒಡೆಯುವುದರಿಂದ ಬರುತ್ತದೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ, ಬಲಭಾಗಕ್ಕೆ ಪೆಟ್ಟಾದರೆ ಎಡಗೈ ಸ್ವಾಧೀನ ತಪ್ಪುತ್ತದೆ. ತುತ್ತು ಕಲಸುವುದು, ಅಂಗಿಯ ಗುಂಡಿ ಹಾಕುವುದು, ಸೀರೆಯ ನೆರಿಗೆ ಹಿಡಿಯುವುದು, ಬೀಗ ತೆರೆಯುವುದು ಇವೆಲ್ಲವೂ ಪರಾಧೀನವಾಗುತ್ತವೆ.

ಇಂತಹ ಕೈ ಎಷ್ಟು ಚೇತರಿಸಿಕೊಂಡಿದೆ ಎಂಬುದನ್ನು ಅಳೆಯಲು ವೈದ್ಯಕೀಯ ಲೋಕದಲ್ಲಿ ಹಲವು ಪರೀಕ್ಷೆಗಳಿವೆ. ಇವುಗಳಲ್ಲಿ ಹೆಚ್ಚಿನವು ರೋಗಿಯೂ ಪರೀಕ್ಷಕರೂ ಎದುರುಬದುರಾಗಿ ಕುಳಿತು ನಡೆಸಬೇಕಾದವು. ಆಸ್ಪತ್ರೆಯಿಂದ ದೂರದಲ್ಲಿರುವ ರೋಗಿ, ಪ್ರತಿ ಬಾರಿ ಜೊತೆಗೆ ಬರಬೇಕಾದ ಮನೆಯವರು, ಪ್ರಯಾಣದ ಖರ್ಚು, ಆ ದಿನದ ದುಡಿಮೆಯ ನಷ್ಟ ಇವೆಲ್ಲ ಸೇರಿ ಮರುಪರೀಕ್ಷೆಯನ್ನು ಮುಂದೂಡುವಂತೆ ಮಾಡುತ್ತವೆ. 2020ರ ಕೋವಿಡ್ ಲಾಕ್‌ಡೌನ್ ಬಳಿಕ ವಿಡಿಯೋ ಕರೆಯ ಮೂಲಕ ಕೈಯನ್ನು ಪರೀಕ್ಷಿಸುವ ಪದ್ಧತಿ ವೇಗ ಪಡೆಯಿತು. ಅದರಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು, ಮನೆಯವರು ಯಾವ ಎಚ್ಚರ ವಹಿಸಬೇಕು ಎಂಬ ವಿವರಗಳು ಇಲ್ಲಿವೆ.

ಅಳತೆಯ ಅಗತ್ಯ

ಕೈಯ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ವೇಗವಾಗಿ ಸಾಗಿ ಅನಂತರ ನಿಧಾನವಾಗುತ್ತದೆ. ಈ ಅವಧಿಯಲ್ಲಿ ಯಾವ ವ್ಯಾಯಾಮ ಮಾಡಿಸಬೇಕು, ಎಷ್ಟು ಮಾಡಿಸಬೇಕು, ಯಾವಾಗ ಬದಲಿಸಬೇಕು ಎಂಬುದನ್ನು ಫಿಸಿಯೋಥೆರಪಿಸ್ಟ್ ನಿರ್ಧರಿಸುವುದು ಅಳತೆಯ ಆಧಾರದ ಮೇಲೆ. ‘ಸ್ವಲ್ಪ ಪರವಾಗಿಲ್ಲ’ ಎಂಬ ಮನೆಯವರ ಮಾತು ಪ್ರಾಮಾಣಿಕವಾದುದೇ ಆದರೂ ಅದರಿಂದ ಚಿಕಿತ್ಸೆಯ ದಿಕ್ಕು ತಿಳಿಯದು. ಪ್ರತಿದಿನ ನೋಡುವ ಕಣ್ಣಿಗೆ ನಿಧಾನಗತಿಯ ಸುಧಾರಣೆ ಗೋಚರಿಸುವುದಿಲ್ಲ. ಭುಜದ ಬಿಗಿತ ದಿನೇ ದಿನೇ ಹೆಚ್ಚುತ್ತಿದ್ದರೆ ಅದೂ ಗೋಚರಿಸುವುದಿಲ್ಲ.

ಸರಳವಾದ ಅಳತೆಯೊಂದು ಎಷ್ಟು ಮಹತ್ವದ ಮಾಹಿತಿ ನೀಡಬಲ್ಲದು ಎಂಬುದಕ್ಕೆ ನೆದರ್ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ನಿದರ್ಶನ. ಪಾರ್ಶ್ವವಾಯು ತಗುಲಿದ ಎರಡನೆಯ ದಿನ ರೋಗಿ ತನ್ನ ಬೆರಳುಗಳನ್ನು ಸ್ವಲ್ಪವಾದರೂ ಬಿಚ್ಚಬಲ್ಲನೇ, ತೋಳನ್ನು ಪಕ್ಕಕ್ಕೆ ಸ್ವಲ್ಪವಾದರೂ ಎತ್ತಬಲ್ಲನೇ ಎಂಬ ಎರಡೇ ಅಂಶಗಳನ್ನು ಸಂಶೋಧಕರು ಗಮನಿಸಿದರು. ಎರಡೂ ಸಾಧ್ಯವಾದವರಲ್ಲಿ ಆರು ತಿಂಗಳ ಹೊತ್ತಿಗೆ ಕೈಚಳಕ ಒಂದಿಷ್ಟಾದರೂ ಮರಳುವ ಸಂಭವನೀಯತೆ ಶೇ. 98 ಇತ್ತು. ಎರಡೂ ಸಾಧ್ಯವಾಗದವರಲ್ಲಿ ಅದು ಶೇ. 25 ಮಾತ್ರ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಕ್ಯಾಥಿ ಸ್ಟಿನಿಯರ್ ಮತ್ತು ಸಂಗಡಿಗರು ರೂಪಿಸಿದ ಮುನ್ನೋಟ ಪದ್ಧತಿಯೂ ಭುಜ ಮತ್ತು ಬೆರಳುಗಳ ಇದೇ ಪರೀಕ್ಷೆಯಿಂದ ಆರಂಭವಾಗುತ್ತದೆ.

66 ಅಂಕಗಳ ಮಾಪನ

ಪಾರ್ಶ್ವವಾಯು ಪೀಡಿತರ ಕೈಯನ್ನು ಅಳೆಯಲು ಜಗತ್ತಿನಾದ್ಯಂತ ಅತಿ ಹೆಚ್ಚು ಬಳಕೆಯಲ್ಲಿರುವ ಮಾಪನಗಳಲ್ಲಿ ‘ಫುಗ್ಲ್-ಮೇಯರ್’ ಪ್ರಮುಖವಾದುದು. ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ವೈದ್ಯ ಆಕ್ಸೆಲ್ ಫುಗ್ಲ್-ಮೇಯರ್ ಮತ್ತು ಸಹೋದ್ಯೋಗಿಗಳು ಇದನ್ನು ರೂಪಿಸಿ 1975ರಲ್ಲಿ ಪ್ರಕಟಿಸಿದರು. ಲಕ್ವ ಹೊಡೆದ ಕೈ ಒಂದು ಕ್ರಮದಲ್ಲಿ ಚೇತರಿಸಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಥಾಮಸ್ ಟ್ವಿಚೆಲ್ 1951ರಲ್ಲೇ ದಾಖಲಿಸಿದ್ದರು. ಸ್ವೀಡನ್ ಮೂಲದ ಫಿಸಿಯೋಥೆರಪಿಸ್ಟ್ ಸಿಗ್ನೆ ಬ್ರುನ್‌ಸ್ಟ್ರಾಮ್ ಆ ಕ್ರಮವನ್ನು ಹಂತಗಳಾಗಿ ವಿಂಗಡಿಸಿದ್ದರು. ಮೊದಲು ಸಡಿಲವಾಗಿ ಜೋತುಬಿದ್ದ ಕೈ, ಆಮೇಲೆ ಭುಜ, ಮೊಣಕೈ, ಮಣಿಕಟ್ಟು ಎಲ್ಲವೂ ಒಟ್ಟಾಗಿ ಮಡಚಿಕೊಳ್ಳುವ ಬಿಗಿ ಚಲನೆ, ಕೊನೆಗೆ ಒಂದೊಂದು ಕೀಲನ್ನೂ ಬೇರೆಬೇರೆಯಾಗಿ ಆಡಿಸುವ ಸಾಮರ್ಥ್ಯ: ಸ್ಥೂಲವಾಗಿ ಇದು ಆ ಕ್ರಮ. ಫುಗ್ಲ್-ಮೇಯರ್ ಇದನ್ನೇ ಅಂಕಗಳಿಗೆ ಇಳಿಸಿದರು.

ಕೈಗೆ ಸಂಬಂಧಿಸಿದ ಭಾಗದಲ್ಲಿ 33 ಅಂಶಗಳಿವೆ. ಸಾಧ್ಯವೇ ಆಗದಿದ್ದರೆ 0, ಭಾಗಶಃ ಸಾಧ್ಯವಾದರೆ 1, ಪೂರ್ಣವಾಗಿ ಸಾಧ್ಯವಾದರೆ 2. ಹೀಗೆ ಗರಿಷ್ಠ 66 ಅಂಕ. ಇದರಲ್ಲಿ ಭುಜ, ಮೊಣಕೈ ಮತ್ತು ಮುಂಗೈಗೆ 36, ಮಣಿಕಟ್ಟಿಗೆ 10, ಹಸ್ತ ಮತ್ತು ಬೆರಳುಗಳಿಗೆ 14, ಚಲನೆಯ ಹೊಂದಾಣಿಕೆ ಮತ್ತು ವೇಗಕ್ಕೆ 6. ಪರೀಕ್ಷೆಗೆ ಸುಮಾರು ಅರ್ಧ ಗಂಟೆ ಬೇಕಾಗುತ್ತದೆ.

ಅದೇ ಬದಿಯ ಕಿವಿಯ ಬಳಿಗೆ ಕೈ ಒಯ್ಯುವುದು, ಅಲ್ಲಿಂದ ಎದುರು ಬದಿಯ ಮಂಡಿಯ ಮೇಲೆ ಇಡುವುದು, ಕೈಯನ್ನು ಸೊಂಟದ ಹಿಂದಕ್ಕೆ ಒಯ್ಯುವುದು, ಮೊಣಕೈ ಮಡಚದೆ ತೋಳನ್ನು ಮುಂದಕ್ಕೆ ಎತ್ತುವುದು, ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸುವುದು, ಕಾಗದದ ಚೂರು, ಪೆನ್ಸಿಲ್, ಡಬ್ಬಿ ಹಾಗೂ ಟೆನಿಸ್ ಚೆಂಡನ್ನು ಹಿಡಿಯುವುದು ಇತ್ಯಾದಿಗಳು ಪರೀಕ್ಷೆಯ ಅಂಗಗಳು. ಕೊನೆಯಲ್ಲಿ ಕಣ್ಣು ಮುಚ್ಚಿ ತೋರುಬೆರಳಿನಿಂದ ಮೂಗಿನ ತುದಿಯನ್ನು ಐದು ಬಾರಿ ಬೇಗಬೇಗನೆ ಮುಟ್ಟಬೇಕು. ಸರಿಯಿರುವ ಕೈಗಿಂತ ಎಷ್ಟು ಸೆಕೆಂಡು ಹೆಚ್ಚು ಬೇಕಾಯಿತು ಎಂಬುದಕ್ಕೂ ಅಂಕವಿದೆ.

ಕ್ಯಾಮೆರಾಕ್ಕೆ ಕಾಣುವುದು, ಕಾಣದಿರುವುದು

ಮೇಲಿನ ಪಟ್ಟಿಯಲ್ಲಿ ಬಹುಪಾಲು ಅಂಶಗಳು ಕಣ್ಣಿನಿಂದ ನೋಡಿ ಅಂಕ ಕೊಡುವಂತಹವು. ಆದ್ದರಿಂದ ವಿಡಿಯೋ ಕರೆಗೆ ಅವು ಒಗ್ಗುತ್ತವೆ. ತೊಡಕು ಉಂಟಾಗುವುದು ಮೂರು ಕಡೆ.

ಮೊದಲನೆಯದು, ಸುತ್ತಿಗೆಯಿಂದ ಸ್ನಾಯುರಜ್ಜುವನ್ನು ತಟ್ಟಿ ನೋಡುವ ಪರಾವರ್ತಿತ ಪ್ರತಿಕ್ರಿಯೆ. 66ರಲ್ಲಿ ಇದಕ್ಕೆ ಮೀಸಲಾದುದು 3 ಅಂಶ, 6 ಅಂಕ. ತರಬೇತಿ ಇಲ್ಲದ ಮನೆಯವರಿಂದ ಇದನ್ನು ಮಾಡಿಸಲಾಗದು. ಈ ಅಂಕಗಳನ್ನು ಕೈಬಿಟ್ಟರೆ ಮಾಪನಕ್ಕೆ ದೊಡ್ಡ ಹಾನಿಯಿಲ್ಲ. ಮಿಷೆಲ್ ವುಡ್‌ಬರಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು ಇವು ಉಳಿದ ಅಂಶಗಳೊಂದಿಗೆ ಹೊಂದುವುದಿಲ್ಲವೆಂದು ಕಂಡುಕೊಂಡು 30 ಅಂಶಗಳ ಆವೃತ್ತಿಯನ್ನು ಮುಂದಿಟ್ಟಿತ್ತು.

ಎರಡನೆಯದು, ಎಳೆತಕ್ಕೆ ಒಡ್ಡಿ ನೋಡುವ ಅಂಶಗಳು. ರೋಗಿ ಡಬ್ಬಿಯನ್ನು ಹಿಡಿದರೆ 1 ಅಂಕ. ಪರೀಕ್ಷಕರು ಮೆಲ್ಲನೆ ಎಳೆದಾಗಲೂ ಬಿಡದೆ ಹಿಡಿದರೆ 2. ಈ ಎಳೆತದ ಬಲವನ್ನು ಕ್ಯಾಮೆರಾ ತೋರಿಸದು. ಮನೆಯವರೇ ಎಳೆಯುವುದಾದರೆ ಪ್ರೀತಿಯಿಂದ ಹಗುರವಾಗಿ ಎಳೆಯುವವರೂ ಇದ್ದಾರೆ, ಉತ್ಸಾಹದಿಂದ ಜೋರಾಗಿ ಎಳೆಯುವವರೂ ಇದ್ದಾರೆ. ಹಸ್ತದ ವಿಭಾಗದಲ್ಲಿ ಹಿಡಿತದ ಅಂಶಗಳೇ ಐದು ಇರುವುದರಿಂದ ಈ ಒಂದೇ ಕಾರಣದಿಂದ ಐದು ಅಂಕಗಳವರೆಗೆ ವ್ಯತ್ಯಾಸವಾಗುವ ಸಾಧ್ಯತೆ ಇದೆ.

ಮೂರನೆಯದು, ಮಾಪನದ ಹೊರಗಿದ್ದರೂ ಚಿಕಿತ್ಸೆಗೆ ಮುಖ್ಯವಾದ ಸ್ನಾಯು ಬಿಗಿತ, ಸ್ಪರ್ಶಜ್ಞಾನ ಮತ್ತು ಭುಜದ ಕೀಲಿನ ಸ್ಥಿತಿ. ಬಿಗಿತವನ್ನು ಅಳೆಯುವ ಪರಿಷ್ಕೃತ ಆಶ್‌ವರ್ತ್ ಮಾಪನದಲ್ಲಿ ಪರೀಕ್ಷಕರು ತಮ್ಮ ಕೈಯಿಂದಲೇ ರೋಗಿಯ ಕೈಯನ್ನು ಆಡಿಸಿ ಎಷ್ಟು ಪ್ರತಿರೋಧ ಬರುತ್ತದೆಂದು ಅನುಭವಿಸಬೇಕು. ಪಾರ್ಶ್ವವಾಯುವಿನ ಬಳಿಕ ತೋಳಿನ ಮೂಳೆ ಭುಜದ ಗುಳಿಯಿಂದ ಸ್ವಲ್ಪ ಕೆಳಕ್ಕೆ ಜಾರಿರುವುದುಂಟು. ಇದನ್ನೂ ಬೆರಳಿನಿಂದ ಮುಟ್ಟಿ ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಹೀಗಾಗಿ ವಿಡಿಯೋ ಪರೀಕ್ಷೆ ಎಷ್ಟೇ ಚೆನ್ನಾಗಿ ನಡೆದರೂ ನಡುನಡುವೆ ಖುದ್ದು ಭೇಟಿ ತಪ್ಪದು.

ದೂರಚಿಕಿತ್ಸೆಗೆಂದೇ ಫುಗ್ಲ್-ಮೇಯರ್ ಮಾಪನದ ಮಾರ್ಪಡಿಸಿದ ಆವೃತ್ತಿಗಳು ಈಚಿನ ವರ್ಷಗಳಲ್ಲಿ ಬಂದಿವೆ. ಇಲ್ಲಿ ಓದುಗರು ಗಮನಿಸಬೇಕಾದ ಅಂಶವೊಂದಿದೆ. ಉದಾಹರಣೆಗೆ, ಆಸ್ಪತ್ರೆಯಲ್ಲಿ ರೋಗಿಗೆ 66ಕ್ಕೆ 34 ಅಂಕ ಬಂದಿತ್ತು, ಒಂದು ತಿಂಗಳ ಬಳಿಕ ವಿಡಿಯೋದಲ್ಲಿ 31 ಬಂತು ಎಂದಿಟ್ಟುಕೊಳ್ಳೋಣ. ಮೇಲುನೋಟಕ್ಕೆ ಇದು ಹಿನ್ನಡೆ. ಆದರೆ ಎರಡನೆಯ ಪರೀಕ್ಷೆ 60 ಅಂಕಗಳದ್ದಾಗಿದ್ದು, ಮೊದಲಿನ 34ರಲ್ಲಿ 4 ಅಂಕ ಪರಾವರ್ತಿತ ಪ್ರತಿಕ್ರಿಯೆಯಿಂದ ಬಂದಿದ್ದರೆ ನಿಜವಾದ ಹೋಲಿಕೆ 30 ಮತ್ತು 31ರ ನಡುವಿನದು. ಅಂದರೆ ಕೈ ಹಿಂದೆ ಬಿದ್ದಿಲ್ಲ. ಒಟ್ಟು ಎಷ್ಟು ಅಂಕಗಳಿಗೆ ಎಂಬುದನ್ನು ಬರೆದಿಡದ ಅಂಕಪಟ್ಟಿ ರೋಗಿಯ ಮನೋಬಲವನ್ನು ವಿನಾಕಾರಣ ಕುಗ್ಗಿಸಬಲ್ಲದು.

ಹಾಗೆಯೇ ಒಂದೆರಡು ಅಂಕಗಳ ಏರಿಳಿತಕ್ಕೆ ಹಿಗ್ಗಬೇಕಾಗಿಯೂ ಇಲ್ಲ, ಕುಗ್ಗಬೇಕಾಗಿಯೂ ಇಲ್ಲ. ಪಾರ್ಶ್ವವಾಯು ತಗುಲಿ ಬಹುಕಾಲವಾದವರಲ್ಲಿ ನಿತ್ಯಜೀವನಕ್ಕೆ ಅರ್ಥಪೂರ್ಣವೆನಿಸುವ ಕನಿಷ್ಠ ಬದಲಾವಣೆ ಸುಮಾರು 4ರಿಂದ 7 ಅಂಕಗಳಷ್ಟು ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ.

ಕ್ರಿಕೆಟ್ ಚೆಂಡು, ಮರದ ತುಂಡು

ಫುಗ್ಲ್-ಮೇಯರ್ ಚಲನೆಯನ್ನು ಅಳೆದರೆ ‘ಆಕ್ಷನ್ ರಿಸರ್ಚ್ ಆರ್ಮ್ ಟೆಸ್ಟ್’ ಕೆಲಸವನ್ನು ಅಳೆಯುತ್ತದೆ. ರೊನಾಲ್ಡ್ ಲೈಲ್ 1981ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯಲ್ಲಿ 19 ಕೆಲಸಗಳಿವೆ. ಪ್ರತಿಯೊಂದಕ್ಕೂ 0ರಿಂದ 3ರವರೆಗೆ ಅಂಕ; ಒಟ್ಟು 57. ಎರಡೂವರೆ ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗಿನ ಮರದ ತುಂಡುಗಳು, ಒಂದು ಕ್ರಿಕೆಟ್ ಚೆಂಡು, ಸಾಣೆಕಲ್ಲು, ಲೋಹದ ಕೊಳವೆಗಳು, ಗೋಲಿ ಮುಂತಾದವನ್ನು ಹಿಡಿದು ಸ್ಥಳಾಂತರಿಸಬೇಕು. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯಬೇಕು. ಕೈಯನ್ನು ನೆತ್ತಿಯ ಮೇಲೆ, ತಲೆಯ ಹಿಂದೆ, ಬಾಯಿಯ ಬಳಿ ಒಯ್ಯಬೇಕು.

ದೂರದಿಂದ ನಡೆಸುವಾಗ ಇದರ ತೊಡಕು ಸಾಮಗ್ರಿಯದು. ಮರದ ತುಂಡಿನ ಅಳತೆ, ಅದನ್ನು ಇಡಬೇಕಾದ ಹಲಗೆಯ ಎತ್ತರ ಎಲ್ಲವೂ ನಿಗದಿಯಾಗಿರುವುದರಿಂದ ಅಡುಗೆಮನೆಯ ಡಬ್ಬಿಯಿಂದ ಅದನ್ನು ಸರಿದೂಗಿಸಿ 57ಕ್ಕೆ ಇಷ್ಟು ಎಂದು ಹೇಳಲಾಗದು. ಒಂದೋ ಸಾಮಗ್ರಿಯ ಪೆಟ್ಟಿಗೆಯನ್ನು ಮನೆಗೆ ಕಳುಹಿಸಬೇಕು, ಇಲ್ಲವೇ ಮನೆಯ ವಸ್ತುಗಳನ್ನೇ ಬಳಸಿ ಅದೇ ರೋಗಿಯ ಹಿಂದಿನ ಸಾಧನೆಯೊಂದಿಗೆ ಮಾತ್ರ ಹೋಲಿಸಬೇಕು. ಎರಡನೆಯದು ಸುಲಭ. ಒಂದೇ ಸ್ಟೀಲ್ ಲೋಟ, ಒಂದೇ ಪ್ರಮಾಣದ ನೀರು, ಒಂದೇ ಮೇಜು, ಒಂದೇ ಕುರ್ಚಿ ಎಂಬ ನಿಯಮ ಪಾಲಿಸಿದರೆ ಸಾಕು.

ಈ ಪರೀಕ್ಷೆಯಲ್ಲಿ ಸಮಯ ಉಳಿಸುವ ಅನುಕೂಲವೂ ಇದೆ. ಹಿಡಿಯುವ, ಬಿಗಿಯುವ, ಚಿವುಟುವ ಮತ್ತು ತೋಳಾಡಿಸುವ ನಾಲ್ಕು ವಿಭಾಗಗಳಲ್ಲಿ ಪ್ರತಿಯೊಂದರಲ್ಲೂ ಅತಿ ಕಠಿಣವಾದುದನ್ನು ಮೊದಲು ಮಾಡಿಸಲಾಗುತ್ತದೆ. ಅದರಲ್ಲಿ ಪೂರ್ಣ ಅಂಕ ಬಂದರೆ ಆ ವಿಭಾಗ ಮುಗಿದಂತೆ. ಬಾರದಿದ್ದರೆ ಅತಿ ಸುಲಭವಾದುದು; ಅದೂ ಸಾಧ್ಯವಾಗದಿದ್ದರೆ ಉಳಿದವುಗಳ ಅಗತ್ಯವಿಲ್ಲ. ಬೇಗ ದಣಿಯುವ ರೋಗಿಗೆ ಇದು ವರದಾನ.

ಮಾಡಬಲ್ಲುದು ಬೇರೆ, ಮಾಡುವುದು ಬೇರೆ

ಇಷ್ಟರವರೆಗೆ ಹೇಳಿದ ಪರೀಕ್ಷೆಗಳು ಕೇಳುವ ಪ್ರಶ್ನೆ, ‘ಕೈ ಏನು ಮಾಡಬಲ್ಲದು?’ ಎಂಬುದು. ಪರೀಕ್ಷಕರು ಎದುರಿಗಿದ್ದಾಗ, ಎಲ್ಲ ಗಮನವನ್ನೂ ಕೇಂದ್ರೀಕರಿಸಿ ರೋಗಿ ತೋರುವ ಸಾಮರ್ಥ್ಯವದು. ಅದೇ ರೋಗಿ ಮನೆಯಲ್ಲಿ ಅದೇ ಕೈಯನ್ನು ಬಳಸುತ್ತಾನೆಯೇ ಎಂಬುದು ಬೇರೆಯೇ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ ಅಂತಾರಾಷ್ಟ್ರೀಯ ವರ್ಗೀಕರಣವು ಸಾಮರ್ಥ್ಯ ಮತ್ತು ನಿರ್ವಹಣೆ ಎಂದು ಇವೆರಡನ್ನು ಪ್ರತ್ಯೇಕಿಸಿದೆ.

ಇವೆರಡರ ನಡುವಿನ ಅಂತರ ಅಚ್ಚರಿ ಹುಟ್ಟಿಸುವಷ್ಟು ದೊಡ್ಡದಿರಬಹುದು. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಎಡ್ವರ್ಡ್ ಟಾಬ್ ಇದಕ್ಕೆ ‘ಕಲಿತ ಅನುಪಯೋಗ’ ಎಂಬ ಅರ್ಥದ ಹೆಸರಿಟ್ಟರು. ಆರಂಭದಲ್ಲಿ ಕೈ ಕೆಲಸ ಮಾಡದಿದ್ದಾಗ ರೋಗಿ ಪದೇ ಪದೇ ಸೋತು ಇನ್ನೊಂದು ಕೈಗೆ ಒಗ್ಗಿಕೊಳ್ಳುತ್ತಾನೆ. ಮುಂದೆ ಕೈಗೆ ಶಕ್ತಿ ಬಂದರೂ ಅದನ್ನು ಬಳಸದಿರುವ ಅಭ್ಯಾಸ ಉಳಿದುಬಿಡುತ್ತದೆ. ಸರಿಯಿರುವ ಕೈಗೆ ಗವಸು ತೊಡಿಸಿ ದುರ್ಬಲ ಕೈಯನ್ನೇ ಬಳಸುವಂತೆ ಮಾಡುವ ಚಿಕಿತ್ಸೆ ಹುಟ್ಟಿದ್ದು ಈ ತಿಳಿವಳಿಕೆಯಿಂದ. 222 ರೋಗಿಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ‘ಎಕ್ಸೈಟ್’ ಪ್ರಯೋಗ ಇದರ ಪ್ರಯೋಜನವನ್ನು ತೋರಿಸಿತು.

ನಿತ್ಯದ ಬಳಕೆಯನ್ನು ತಿಳಿಯಲು ಎರಡು ಮಾರ್ಗಗಳಿವೆ. ಒಂದು, ಕೇಳಿ ತಿಳಿಯುವುದು. ಟಾಬ್ ತಂಡ ರೂಪಿಸಿದ ‘ಮೋಟಾರ್ ಆಕ್ಟಿವಿಟಿ ಲಾಗ್’ ಎಂಬ ಪ್ರಶ್ನಾವಳಿ ಸುಮಾರು 30 ದಿನನಿತ್ಯದ ಕೆಲಸಗಳ ಬಗ್ಗೆ, ದುರ್ಬಲ ಕೈಯನ್ನು ಎಷ್ಟು ಬಳಸಿದಿರಿ, ಎಷ್ಟು ಚೆನ್ನಾಗಿ ಬಳಸಿದಿರಿ ಎಂದು ಕೇಳುತ್ತದೆ. ದೂರವಾಣಿಯಲ್ಲೂ ಇದನ್ನು ನಡೆಸಬಹುದು. ಆದರೆ ಫೋರ್ಕ್ ಹಿಡಿಯುವುದು, ರೆಫ್ರಿಜರೇಟರ್ ತೆರೆಯುವುದು ಮುಂತಾದ ಅಲ್ಲಿನ ಪ್ರಶ್ನೆಗಳು ನಮ್ಮ ಎಲ್ಲ ಮನೆಗಳಿಗೂ ಹೊಂದುವುದಿಲ್ಲ. ಬಲಗೈಯಲ್ಲೇ ಉಣ್ಣುವ, ಎಡಗೈಗೆ ಬೇರೆ ಕೆಲಸಗಳನ್ನು ಮೀಸಲಿಟ್ಟಿರುವ ಸಮಾಜದಲ್ಲಿ ಯಾವ ಕೈಗೆ ಲಕ್ವ ಹೊಡೆದಿದೆ ಎಂಬುದೇ ಉತ್ತರಗಳನ್ನು ಬದಲಿಸುತ್ತದೆ. ಅನ್ನ ಕಲಸಿ ತುತ್ತು ಮಾಡುವುದು, ಚೊಂಬಿನಿಂದ ನೀರು ಹಾಕಿಕೊಳ್ಳುವುದು, ಪಂಚೆ ಉಡುವುದು ಮುಂತಾದವನ್ನು ಕೇಳಿದಾಗಲೇ ನಿಜಸ್ಥಿತಿ ಹೊರಬರುತ್ತದೆ.

ಇನ್ನೊಂದು ಮಾರ್ಗ, ಎರಡೂ ಮಣಿಕಟ್ಟುಗಳಿಗೆ ಗಡಿಯಾರದಂತಹ ಚಲನಸಂವೇದಕಗಳನ್ನು ಕಟ್ಟುವುದು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕ್ಯಾಥರೀನ್ ಲ್ಯಾಂಗ್ ಅವರ ತಂಡ ಈ ವಿಧಾನವನ್ನು ವ್ಯಾಪಕವಾಗಿ ಬಳಸಿದೆ. ಆರೋಗ್ಯವಂತ ವಯಸ್ಕರಲ್ಲಿ ದಿನಕ್ಕೆ ಪ್ರಧಾನ ಕೈ ಸುಮಾರು 9 ಗಂಟೆ, ಇನ್ನೊಂದು ಕೈ ಸುಮಾರು ಎಂಟೂವರೆ ಗಂಟೆ ಚಲನೆಯಲ್ಲಿರುತ್ತವೆ, ಅಂದರೆ ಇವುಗಳ ಅನುಪಾತ ಸರಾಸರಿ 0.95 ಎಂದು 2013ರಲ್ಲಿ ಈ ತಂಡ ವರದಿ ಮಾಡಿತು. ಬಲಗೈಯೇ ಎಲ್ಲವನ್ನೂ ಮಾಡುತ್ತದೆ ಎಂಬ ನಮ್ಮ ಭಾವನೆಗೆ ಇದು ವಿರುದ್ಧವಾದುದು. ಪಾರ್ಶ್ವವಾಯು ಪೀಡಿತರಲ್ಲಿ ಈ ಅನುಪಾತ ಎಷ್ಟು ಕುಸಿದಿದೆ ಎಂಬುದು ಕೈ ಎಷ್ಟರಮಟ್ಟಿಗೆ ಮೂಲೆಗುಂಪಾಗಿದೆ ಎಂಬುದರ ಸೂಚಕ.

ಇದೇ ತಂಡದ 2017ರ ವರದಿಯು ಚಿಕಿತ್ಸಕರನ್ನು ಯೋಚನೆಗೆ ಹಚ್ಚಿತು. ತೀವ್ರ ತರಬೇತಿ ಪಡೆದ 78 ಮಂದಿಯಲ್ಲಿ ಆಕ್ಷನ್ ರಿಸರ್ಚ್ ಪರೀಕ್ಷೆಯ ಅಂಕಗಳು ಏರಿದವು. ಆದರೆ ಮಣಿಕಟ್ಟಿನ ಸಂವೇದಕಗಳು ಮನೆಯಲ್ಲಿನ ಬಳಕೆಯಲ್ಲಿ ಬದಲಾವಣೆಯನ್ನು ತೋರಿಸಲಿಲ್ಲ. ಅಂಕ ಏರಿತೆಂದು ಚಿಕಿತ್ಸೆ ಗೆದ್ದಿತು ಎನ್ನುವಂತಿಲ್ಲ ಎಂಬುದು ಇದರ ಪಾಠ. ದೂರಪರೀಕ್ಷೆಯ ನಿಜವಾದ ಬಲವಿರುವುದು ಇಲ್ಲಿಯೇ. ಆಸ್ಪತ್ರೆಯ ಕೊಠಡಿಗೆ ಎಂದೂ ಕಾಣದ ರೋಗಿಯ ಅಡುಗೆಮನೆ, ಊಟದ ತಟ್ಟೆ, ಬಾಗಿಲ ಚಿಲಕ ಇದಕ್ಕೆ ಕಾಣುತ್ತವೆ.

ಸಂವೇದಕಕ್ಕೂ ಮಿತಿಗಳಿವೆ. ನಡೆಯುವಾಗ ಕೈ ಬೀಸಿದರೂ, ಬಸ್ಸಿನ ಕುಲುಕಾಟಕ್ಕೆ ಅಲುಗಿದರೂ, ಮನೆಯವರು ಕೈಯನ್ನು ಹಿಡಿದು ಆಡಿಸಿದರೂ ಅದು ಚಲನೆಯೆಂದೇ ದಾಖಲಿಸುತ್ತದೆ. ಒಂದೇ ಕೈಗೆ ಕಟ್ಟಿದ ಸ್ಮಾರ್ಟ್‌ವಾಚ್ ಎರಡು ಕೈಗಳ ಅನುಪಾತವನ್ನು ಹೇಳಲಾರದು.

ಗಣಕದ ಕಣ್ಣು

ಮೈಗೆ ಏನನ್ನೂ ಅಂಟಿಸದೆ ವಿಡಿಯೋ ಚಿತ್ರದಿಂದಲೇ ಕೀಲುಗಳ ಸ್ಥಾನವನ್ನು ಗುರುತಿಸುವ ತಂತ್ರಾಂಶಗಳೂ ಬಂದಿವೆ. 2010ರಲ್ಲಿ ಆಟಕ್ಕೆಂದು ಮಾರುಕಟ್ಟೆಗೆ ಬಂದ ಮೈಕ್ರೋಸಾಫ್ಟ್‌ನ ‘ಕಿನೆಕ್ಟ್’ ಸಾಧನವನ್ನು ಪುನಶ್ಚೇತನ ಸಂಶೋಧಕರು ಉತ್ಸಾಹದಿಂದ ಬಳಸಿಕೊಂಡರು. ಅನಂತರ ಅದರ ತಯಾರಿಕೆ ನಿಂತುಹೋಯಿತು. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಓಪನ್‌ಪೋಸ್’, ಬಳಿಕ ಗೂಗಲ್‌ನ ‘ಮೀಡಿಯಾಪೈಪ್’ ಬಂದ ಮೇಲೆ ಸಾಮಾನ್ಯ ಕ್ಯಾಮೆರಾ ಸಾಕಾಯಿತು. ಮೀಡಿಯಾಪೈಪ್ ಒಂದು ಹಸ್ತದಲ್ಲಿಯೇ 21 ಬಿಂದುಗಳನ್ನು ಗುರುತಿಸುತ್ತದೆ.

ಮೊಣಕೈ ಎಷ್ಟು ಡಿಗ್ರಿ ಬಿಚ್ಚಿತು, ಕೈ ಎಷ್ಟು ವೇಗವಾಗಿ ಚಲಿಸಿತು ಎಂಬುದನ್ನು ಇವು ಅಂದಾಜಿಸಬಲ್ಲವು. ಆದರೆ ಒಂದೇ ಕ್ಯಾಮೆರಾದ ಚಿತ್ರದಲ್ಲಿ ಆಳದ ಮಾಹಿತಿ ಕಡಿಮೆ. ಕ್ಯಾಮೆರಾದ ಕಡೆಗೆ ಕೈ ಚಾಚಿದಾಗ ಎಷ್ಟು ದೂರ ಚಾಚಿತೆಂಬುದು ಸರಿಯಾಗಿ ತಿಳಿಯದು. ಸೆರಗು, ಶಾಲು, ತುಂಬು ತೋಳಿನ ಅಂಗಿಗಳು ಕೀಲನ್ನು ಮರೆಮಾಡುತ್ತವೆ. ಮೊಣಕೈ ಬಿಚ್ಚಲಾಗದ ರೋಗಿ ಬೆನ್ನನ್ನೇ ಮುಂದಕ್ಕೆ ಬಾಗಿಸಿ ಲೋಟವನ್ನು ಮುಟ್ಟುವುದು ಬಹು ಸಾಮಾನ್ಯ. ಕೈಯನ್ನಷ್ಟೇ ನೋಡುವ ತಂತ್ರಾಂಶಕ್ಕೆ ಇದು ಯಶಸ್ಸು. ಅನುಭವಿ ಚಿಕಿತ್ಸಕರಿಗೆ ಇದು ಕೈಯ ದೌರ್ಬಲ್ಯವನ್ನು ಮರೆಸುವ ಉಪಾಯ. ಆದ್ದರಿಂದ ಗಣಕ ಕೊಟ್ಟ ಅಂಕಿಯನ್ನು ಚಿಕಿತ್ಸಕರು ನೋಡಿ ಒಪ್ಪುವವರೆಗೆ ಅಂತಿಮವೆಂದು ತಿಳಿಯಬಾರದು.

ದೂರಚಿಕಿತ್ಸೆಯ ಪುರಾವೆ

ದೂರದಿಂದ ಕೊಡುವ ಚಿಕಿತ್ಸೆ ಫಲ ನೀಡುವುದೇ? ಅಮೆರಿಕದ 11 ಕೇಂದ್ರಗಳಲ್ಲಿ 124 ರೋಗಿಗಳ ಮೇಲೆ ಸ್ಟೀವನ್ ಕ್ರೇಮರ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಉತ್ತರ ಹುಡುಕಿತು. ಎರಡೂ ಗುಂಪುಗಳಿಗೆ ತಲಾ 70 ನಿಮಿಷಗಳ 36 ಅವಧಿಗಳ ತರಬೇತಿ. ಒಂದು ಗುಂಪಿಗೆ ಚಿಕಿತ್ಸಾಲಯದ ಮೂಲಕ, ಇನ್ನೊಂದಕ್ಕೆ ಮನೆಯಲ್ಲಿ ದೂರಸಂಪರ್ಕದ ಮೂಲಕ. ಫುಗ್ಲ್-ಮೇಯರ್ ಅಂಕ ಮೊದಲ ಗುಂಪಿನಲ್ಲಿ ಸರಾಸರಿ 8.36, ಎರಡನೆಯದರಲ್ಲಿ 7.86 ಏರಿತು. ಮನೆಯ ತರಬೇತಿ ಚಿಕಿತ್ಸಾಲಯದ್ದಕ್ಕಿಂತ ಕಳಪೆಯಲ್ಲ ಎಂಬ ತೀರ್ಮಾನಕ್ಕೆ ಸಂಶೋಧಕರು ಬಂದರು. ತರಬೇತಿ ಮನೆಯಲ್ಲಿ ಫಲಿಸಿತೆಂದ ಮಾತ್ರಕ್ಕೆ ಮನೆಯಲ್ಲಿ ಮಾಡಿದ ಅಳತೆಯೂ ಅಷ್ಟೇ ನಿಖರವೆಂದು ಸಾಬೀತಾಗದು ಎಂಬುದನ್ನು ಮರೆಯಬಾರದು. ಅವೆರಡೂ ಬೇರೆ ಬೇರೆ ಪ್ರಶ್ನೆಗಳು.

ನಮ್ಮಲ್ಲಿನ ಸ್ಥಿತಿ

ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಒಳಗೊಂಡ ‘ಅಟೆಂಡ್’ ಪ್ರಯೋಗದ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಯವರಿಗೇ ತರಬೇತಿ ನೀಡಿ ರೋಗಿಯ ಪುನಶ್ಚೇತನವನ್ನು ಅವರ ಕೈಗೆ ಒಪ್ಪಿಸಿದರೆ ಅನುಕೂಲವಾದೀತೇ ಎಂಬುದು ಅದರ ವಿಷಯ. ಆರು ತಿಂಗಳ ಬಳಿಕ ಸಾವು ಅಥವಾ ಪರಾವಲಂಬನೆ ಎರಡೂ ಗುಂಪುಗಳಲ್ಲಿ ಶೇ. 47ರಷ್ಟೇ ಇತ್ತು. ಮನೆಯವರ ಶ್ರಮ ವ್ಯರ್ಥವೆಂದು ಇದರ ಅರ್ಥವಲ್ಲ. ಆ ಶ್ರಮವನ್ನು ತಜ್ಞರ ನಿಗಾಕ್ಕೆ ಪರ್ಯಾಯವೆಂದು ಭಾವಿಸಲಾಗದು ಎಂದಷ್ಟೇ ತಿಳಿಯಬೇಕು. ಮನೆಯವರನ್ನೂ ತಜ್ಞರನ್ನೂ ಜೋಡಿಸಲು ದೂರಪರೀಕ್ಷೆ ನೆರವಾಗಬಲ್ಲದು.

ಕಾನೂನಿನ ಚೌಕಟ್ಟೂ ಈಗ ಇದೆ. ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದು ಹೊರಡಿಸಿದ ದೂರವೈದ್ಯಕೀಯ ಮಾರ್ಗಸೂಚಿ ನೋಂದಾಯಿತ ವೈದ್ಯರಿಗೆ ಅನ್ವಯಿಸುತ್ತದೆ. ಫಿಸಿಯೋಥೆರಪಿ ಸೇರಿದಂತೆ ಸಹವೈದ್ಯಕೀಯ ವೃತ್ತಿಗಳಿಗೆ 2021ರಲ್ಲಿ ಪ್ರತ್ಯೇಕ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ. ಸರ್ಕಾರದ ಇ-ಸಂಜೀವನಿ ಸೇವೆಯಲ್ಲಿ 2020ರ ಏಪ್ರಿಲ್‌ನಿಂದ ರೋಗಿಗಳು ಮನೆಯಿಂದಲೇ ವೈದ್ಯರನ್ನು ಸಂಪರ್ಕಿಸಬಹುದಾಗಿದೆ. ರಾಜ್ಯದ ಆರೋಗ್ಯ ಇಲಾಖೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಕೈಜೋಡಿಸಿರುವ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವು ಜಿಲ್ಲಾ ಮಟ್ಟದಲ್ಲಿ ನರರೋಗ ಚಿಕಿತ್ಸೆ ದೊರಕಿಸುವ ಉದ್ದೇಶ ಹೊಂದಿದೆ. ಇನ್ನು, ರೋಗಿಯ ವಿಡಿಯೋ ವೈಯಕ್ತಿಕ ಮಾಹಿತಿಯಾದುದರಿಂದ ಅದನ್ನು ಮುದ್ರಿಸಿಕೊಳ್ಳುವ ಮುನ್ನ ಒಪ್ಪಿಗೆ ಪಡೆಯಬೇಕು. ಯಾವ ಉದ್ದೇಶಕ್ಕೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ಕೇಳುವುದು ರೋಗಿಯ ಹಕ್ಕು.

ಮನೆಯಲ್ಲಿ ಹೀಗೆ ಸಿದ್ಧರಾಗಿ

* ಹಿಡಿಕೆಯಿಲ್ಲದ, ಗಟ್ಟಿಯಾದ, ಉರುಳದ ಕುರ್ಚಿ ಬಳಸಿ. ಪಾದಗಳು ನೆಲಕ್ಕೆ ಪೂರ್ಣವಾಗಿ ತಾಗಿರಲಿ. ಪ್ರತಿ ಬಾರಿಯೂ ಅದೇ ಕುರ್ಚಿ ಇರಲಿ.
* ಮೊಬೈಲನ್ನು ಕೈಯಲ್ಲಿ ಹಿಡಿಯದೆ ಸ್ಥಿರವಾದ ಜಾಗದಲ್ಲಿಡಿ. ತಲೆಯಿಂದ ತೊಡೆಯವರೆಗೆ ಮತ್ತು ಎರಡೂ ಕೈಗಳು ಚಾಚಿದಾಗ ಪೂರ್ಣವಾಗಿ ಕಾಣಬೇಕು. ಕೈ ಮುಂದಕ್ಕೆ ಚಾಚುವ ಕೆಲಸಗಳಿಗೆ ಚಿಕಿತ್ಸಕರ ಸೂಚನೆಯಂತೆ ಪಕ್ಕದಿಂದಲೂ ತೋರಿಸಿ.
* ಬೆಳಕು ರೋಗಿಯ ಎದುರಿನಿಂದ ಬರಲಿ, ಬೆನ್ನ ಹಿಂದಿನ ಕಿಟಕಿಯಿಂದಲ್ಲ. ಭುಜ, ಮೊಣಕೈ ಕಾಣುವಂತಹ ಅರೆತೋಳಿನ ಉಡುಪು ಇರಲಿ.
* ಮೊದಲು ಸರಿಯಿರುವ ಕೈಯಿಂದ ಮಾಡಿಸಿ, ಅನಂತರ ದುರ್ಬಲ ಕೈಯಿಂದ. ಇದರಿಂದ ರೋಗಿಗೆ ಸೂಚನೆ ಅರ್ಥವಾಗಿದೆಯೇ ಎಂಬುದೂ ತಿಳಿಯುತ್ತದೆ. ಬಲಗೈಗೆ ಲಕ್ವ ಹೊಡೆದವರಲ್ಲಿ ಮಾತಿನ ತೊಂದರೆಯೂ ಇರಬಹುದಾದ್ದರಿಂದ ಹೇಳುವುದಕ್ಕಿಂತ ಮಾಡಿ ತೋರಿಸುವುದು ಒಳಿತು.
* ಜೊತೆಗಿರುವವರು ರೋಗಿ ಬೀಳದಂತೆ ನೋಡಿಕೊಳ್ಳಬೇಕೇ ಹೊರತು ಕೈಗೆ ಆಸರೆ ಕೊಡಬಾರದು. ‘ಇನ್ನೂ ಸ್ವಲ್ಪ ಎತ್ತಿ’ ಎಂಬ ಹುರಿದುಂಬಿಕೆಯೂ ಪರೀಕ್ಷೆಯ ವೇಳೆ ಬೇಡ. ಅದು ಅಭ್ಯಾಸದ ವೇಳೆಗಿರಲಿ.
* ದುರ್ಬಲ ಕೈಯನ್ನು ಹಿಡಿದು ಎಳೆಯಬೇಡಿ. ಭುಜದಲ್ಲಿ ನೋವು ಕಂಡರೆ ಅಲ್ಲಿಗೇ ನಿಲ್ಲಿಸಿ ತಿಳಿಸಿ.
* ದಿನದ ಒಂದೇ ಹೊತ್ತಿನಲ್ಲಿ ಪರೀಕ್ಷೆ ಇಟ್ಟುಕೊಳ್ಳಿ. ದಣಿದಿರುವ ಸಂಜೆಯ ಕೈ ಬೆಳಗಿನ ಕೈಯಂತಿರುವುದಿಲ್ಲ.
* ದಿನಾಂಕ, ಪರೀಕ್ಷೆಯ ಹೆಸರು, ಬಂದ ಅಂಕ, ಒಟ್ಟು ಅಂಕ, ವಿಡಿಯೋವೋ ಖುದ್ದು ಭೇಟಿಯೋ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ವೇಗವನ್ನು ಅಳೆಯುವ ಪರೀಕ್ಷೆಗಳಲ್ಲಿ ಅಂತರ್ಜಾಲದ ವಿಳಂಬ ಲೆಕ್ಕ ತಪ್ಪಿಸಬಹುದು. ಚಿತ್ರ ತಡೆತಡೆದು ಬರುತ್ತಿದ್ದರೆ ಅದೇ ಮೊಬೈಲಿನಲ್ಲಿ ಮುದ್ರಿಸಿ, ಚಿಕಿತ್ಸಕರು ಹೇಳಿದ ಸುರಕ್ಷಿತ ಮಾರ್ಗದಲ್ಲಿ ಬಳಿಕ ಕಳುಹಿಸುವುದು ಲೇಸು.

ಎಚ್ಚರಿಕೆ

ದೂರಪರೀಕ್ಷೆ ಚೇತರಿಕೆಯ ಹಂತಕ್ಕೆ ಸಂಬಂಧಿಸಿದ್ದು. ಈಗಾಗಲೇ ಒಮ್ಮೆ ಪಾರ್ಶ್ವವಾಯು ಬಂದವರಿಗೆ ಮತ್ತೊಮ್ಮೆ ಬರುವ ಅಪಾಯವಿರುತ್ತದೆ. ಮುಖ ಸೊಟ್ಟಗಾದರೆ, ಎರಡೂ ಕೈ ಎತ್ತಿದಾಗ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ, ನಿನ್ನೆಯವರೆಗೆ ಎತ್ತುತ್ತಿದ್ದ ಕೈ ಇಂದು ಹಠಾತ್ತನೆ ಸೋತರೆ ವಿಡಿಯೋ ಕರೆಗಾಗಿ ಕಾಯಬಾರದು. ರಕ್ತದ ಹೆಪ್ಪುಗಟ್ಟನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. 108ಕ್ಕೆ ಕರೆ ಮಾಡಿ ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು.

ಉಳಿದಂತೆ, ಮುಂದಿನ ಪರೀಕ್ಷೆಯ ದಿನ ಚಿಕಿತ್ಸಕರಿಗೆ ಎರಡು ಪ್ರಶ್ನೆಗಳನ್ನು ಕೇಳಲು ಮರೆಯದಿರಿ. ಕಳೆದ ಬಾರಿಯ ಪರೀಕ್ಷೆಯೇ ಇದೇ? ಅಂಕದ ಜೊತೆಗೆ ಮನೆಯಲ್ಲಿ ಕೈಯ ಬಳಕೆಯೂ ಹೆಚ್ಚಿದೆಯೇ? ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಮನೆಯವರ ಬಳಿಯೇ ಇರುತ್ತದೆ. ಊಟದ ಹೊತ್ತಿನಲ್ಲಿ, ಬಟ್ಟೆ ತೊಡುವ ಹೊತ್ತಿನಲ್ಲಿ ಆ ಕೈ ತಾನಾಗಿ ಮುಂದೆ ಬರುತ್ತಿದೆಯೇ ಎಂಬುದನ್ನು ಗಮನಿಸಿ ತಿಳಿಸಿದರೆ, ದೂರದಲ್ಲಿ ಕುಳಿತ ಚಿಕಿತ್ಸಕರಿಗೆ ಅದಕ್ಕಿಂತ ಉಪಯುಕ್ತವಾದ ಮಾಹಿತಿ ಇನ್ನೊಂದಿಲ್ಲ.